ಎಲಿಜಬೆತ್ ಗ್ಲೇಸರ್: ಮಕ್ಕಳಿಗಾಗಿ ಏಡ್ಸ್ ವಿರುದ್ಧ ಹೋರಾಡಿದ ತಾಯಿ

ಎಚ್‌ಐವಿ ಸೋಂಕು ಇರುವ ತಾಯಿಯೂ ಸೋಂಕಿಲ್ಲದ ಮಗುವಿಗೆ ಜನ್ಮ ನೀಡಬಲ್ಲಳು ಎಂಬ ಮಾತನ್ನು ಇಂದು ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರೂ ಧೈರ್ಯವಾಗಿ ಹೇಳುತ್ತಾರೆ. ಆದರೆ 1986ರಲ್ಲಿ ಈ ಭರವಸೆಯನ್ನು ನೀಡಬಲ್ಲ ವೈದ್ಯರು ಜಗತ್ತಿನ ಯಾವ ಮೂಲೆಯಲ್ಲಿಯೂ ಇರಲಿಲ್ಲ. ಆ ವರ್ಷ ಅಮೆರಿಕದ ಲಾಸ್ ಏಂಜಲೀಸ್ ನಗರದ ಒಬ್ಬ ಗೃಹಿಣಿಗೆ, ತನ್ನ ದೇಹದಲ್ಲಿ ಮಾತ್ರವಲ್ಲ, ತನ್ನ ಇಬ್ಬರು ಮಕ್ಕಳ ದೇಹದಲ್ಲಿಯೂ ಈ ವೈರಾಣು ಇದೆ ಎಂಬ ಸುದ್ದಿ ತಿಳಿಯಿತು. ಮುಂದಿನ ಎಂಟು ವರ್ಷಗಳಲ್ಲಿ ಆಕೆ ಮಗಳನ್ನು ಕಳೆದುಕೊಂಡರು, ಕೊನೆಗೆ ತಾವೂ ತೀರಿಕೊಂಡರು. ಆದರೆ ಅಷ್ಟರೊಳಗೆ ಮಕ್ಕಳ ಏಡ್ಸ್ ಎಂಬ ವಿಷಯವನ್ನು ವೈದ್ಯವಿಜ್ಞಾನವೂ ಸರ್ಕಾರವೂ ಕಡೆಗಣಿಸಲಾಗದಂತೆ ಮಾಡಿದ್ದರು. ಆ ಮಹಿಳೆಯೇ ಎಲಿಜಬೆತ್ ಗ್ಲೇಸರ್.

ಎಲಿಜಬೆತ್ ಮೇಯರ್ ಹುಟ್ಟಿದ್ದು 1947ರ ನವೆಂಬರ್ 11ರಂದು, ನ್ಯೂಯಾರ್ಕ್‌ನಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಎಳೆಯ ಮಕ್ಕಳ ಶಿಕ್ಷಣದ ಕುರಿತು ಸ್ನಾತಕೋತ್ತರ ವ್ಯಾಸಂಗ ಮಾಡಿದರು. ಬಳಿಕ ಕ್ಯಾಲಿಫೋರ್ನಿಯಾಕ್ಕೆ ಬಂದು ಶಿಕ್ಷಕಿಯಾದರು. ಲಾಸ್ ಏಂಜಲೀಸ್‌ನ ಮಕ್ಕಳ ವಸ್ತುಸಂಗ್ರಹಾಲಯದಲ್ಲಿಯೂ ದುಡಿದರು. ಹೀಗೆ ಏಡ್ಸ್ ಎಂಬ ಹೆಸರನ್ನು ಕೇಳುವುದಕ್ಕೂ ಮೊದಲೇ ಆಕೆಯ ಬದುಕು ಮಕ್ಕಳ ಸುತ್ತಲೇ ಹೆಣೆದುಕೊಂಡಿತ್ತು. 1980ರಲ್ಲಿ ಪಾಲ್ ಮೈಕೆಲ್ ಗ್ಲೇಸರ್ ಅವರೊಡನೆ ವಿವಾಹವಾಯಿತು. ಸ್ಟಾರ್‌ಸ್ಕಿ ಅಂಡ್ ಹಚ್ ಎಂಬ ಪೊಲೀಸ್ ಕಥೆಯ ದೂರದರ್ಶನ ಧಾರಾವಾಹಿಯಿಂದ ಪಾಲ್ ಆ ಕಾಲದಲ್ಲಿ ಅಮೆರಿಕದ ಮನೆಮಾತಾಗಿದ್ದ ನಟ. ಹೆಸರು, ಹಣ, ನೆಚ್ಚಿನ ಸಂಗಾತಿ ಎಲ್ಲವೂ ಇದ್ದ ಸಂಸಾರ ಅದು.

ಏಳು ಪಿಂಟ್ ರಕ್ತ

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತನ್ನ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ವರದಿಯನ್ನು ಪ್ರಕಟಿಸಿತು. ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಅಪರೂಪದ ನ್ಯುಮೋನಿಯಾ ಕಾಣಿಸಿಕೊಂಡಿದೆ, ಅವರ ರೋಗನಿರೋಧಕ ಶಕ್ತಿ ಕುಸಿದಿದೆ ಎಂಬುದಷ್ಟೇ ಅದರ ಸಾರ. ಮುಂದೆ ಏಡ್ಸ್ ಎಂದು ಹೆಸರಾದ ಪಿಡುಗಿನ ಮೊದಲ ಅಧಿಕೃತ ದಾಖಲೆ ಅದು. ಎರಡು ತಿಂಗಳ ನಂತರ, ಅದೇ ನಗರದ ಆಸ್ಪತ್ರೆಯೊಂದರಲ್ಲಿ ಎಲಿಜಬೆತ್ ಹೆಣ್ಣುಮಗುವಿಗೆ ಜನ್ಮ ನೀಡಿದರು. ಹೆರಿಗೆಯ ವೇಳೆ ವಿಪರೀತ ರಕ್ತಸ್ರಾವವಾಯಿತು. ಜೀವ ಉಳಿಸಲು ಏಳು ಪಿಂಟ್, ಅಂದರೆ ಮೂರು ಲೀಟರಿಗೂ ಹೆಚ್ಚು ರಕ್ತವನ್ನು ನೀಡಲಾಯಿತು. ತಾಯಿ ಬದುಕಿದರು. ಮಗುವಿಗೆ ಏರಿಯಲ್ ಎಂದು ಹೆಸರಿಟ್ಟರು. ಎಲ್ಲ ತಾಯಂದಿರಂತೆ ಎದೆಹಾಲುಣಿಸಿದರು.

ಆ ರಕ್ತದಲ್ಲಿ ಏನಿದೆ ಎಂದು ತಿಳಿಯುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ವೈರಾಣುವನ್ನು ಗುರುತಿಸಿದ್ದು 1983ರಲ್ಲಿ. ರಕ್ತವನ್ನು ಪರೀಕ್ಷಿಸುವ ವಿಧಾನಕ್ಕೆ ಅಮೆರಿಕ ಸರ್ಕಾರ ಪರವಾನಗಿ ನೀಡಿದ್ದು 1985ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲೇ, 1984ರ ಅಕ್ಟೋಬರ್‌ನಲ್ಲಿ, ಗ್ಲೇಸರ್ ದಂಪತಿಗೆ ಜೇಕ್ ಎಂಬ ಮಗ ಹುಟ್ಟಿದ್ದ.

ತಾಯಿಯ ವೈರಾಣು ಮಗುವನ್ನು ತಲುಪಲು ಮೂರು ಹಾದಿಗಳಿವೆ: ಗರ್ಭದಲ್ಲಿರುವಾಗ, ಹೆರಿಗೆಯ ಹೊತ್ತಿನಲ್ಲಿ, ಎದೆಹಾಲಿನ ಮೂಲಕ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಏರಿಯಲ್‌ಗೆ ಸೋಂಕು ಬಂದದ್ದು ಕೊನೆಯ ಹಾದಿಯಿಂದ, ಜೇಕ್‌ಗೆ ಗರ್ಭದಲ್ಲಿಯೇ. ಎದೆಹಾಲಿನಲ್ಲಿ ಅಪಾಯವಿರಬಹುದೆಂಬ ಮೊದಲ ಸ್ಪಷ್ಟ ಸುಳಿವು ದೊರೆತದ್ದು 1985ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಿಂದ. ಹೆರಿಗೆಯ ನಂತರ ರಕ್ತ ಪಡೆದು ಸೋಂಕಿತಳಾದ ತಾಯಿಯೊಬ್ಬಳು ಹಾಲುಣಿಸಿದ ಮಗುವಿಗೂ ವೈರಾಣು ತಗುಲಿದ್ದನ್ನು ಅಲ್ಲಿಯ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಅದು ಬಹುಮಟ್ಟಿಗೆ ಎಲಿಜಬೆತ್ ಅವರದೇ ಕಥೆಯಾಗಿತ್ತು. ಆದರೆ ಅಷ್ಟರಲ್ಲಿ ಏರಿಯಲ್‌ಗೆ ನಾಲ್ಕು ವರ್ಷ ತುಂಬುತ್ತಿತ್ತು.

ಏರಿಯಲ್ ಪದೇ ಪದೇ ಕಾಯಿಲೆ ಬೀಳತೊಡಗಿದಳು. ಹೊಟ್ಟೆನೋವು, ನಿಶ್ಶಕ್ತಿ, ರಕ್ತದಲ್ಲಿ ಏರುಪೇರು. ಕಾರಣ ಹುಡುಕಿ ಸೋತ ವೈದ್ಯರು ಕೊನೆಗೆ ಎಚ್‌ಐವಿ ಪರೀಕ್ಷೆ ಮಾಡಿಸಿದರು. 1986ರಲ್ಲಿ ಫಲಿತಾಂಶ ಬಂತು. ಬಳಿಕ ಮನೆಮಂದಿಯೆಲ್ಲರ ರಕ್ತವನ್ನೂ ಪರೀಕ್ಷಿಸಲಾಯಿತು. ತಾಯಿ, ಮಗಳು, ಮಗ ಮೂವರಿಗೂ ಸೋಂಕು ಇತ್ತು. ಐದು ವರ್ಷ ಸಂಸಾರ ನಡೆಸಿದ್ದರೂ ಪಾಲ್ ಒಬ್ಬರು ಮಾತ್ರ ಪಾರಾಗಿದ್ದರು.

ಮುಚ್ಚಿಟ್ಟ ನೋವು

ಅಂದಿನ ಅಮೆರಿಕದಲ್ಲಿ ಏಡ್ಸ್ ಎಂದರೆ ಸಾವಿಗಿಂತ ಮೊದಲು ಬಹಿಷ್ಕಾರ. ಇಂಡಿಯಾನಾ ರಾಜ್ಯದಲ್ಲಿ ಹಿಮೋಫೀಲಿಯಾ ರೋಗಿಯಾಗಿದ್ದ ರಯಾನ್ ವೈಟ್ ಎಂಬ ಬಾಲಕನನ್ನು 1985ರಲ್ಲಿ ಶಾಲೆಯಿಂದ ಹೊರಗಿಡಲಾಗಿತ್ತು. ಫ್ಲಾರಿಡಾದ ಆರ್ಕೇಡಿಯಾ ಪಟ್ಟಣದಲ್ಲಿ ಸೋಂಕಿತರಾದ ಮೂವರು ಸಹೋದರರಿದ್ದ ಮನೆ 1987ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೀಗಿರುವಾಗ ಗ್ಲೇಸರ್ ದಂಪತಿ ಸುದ್ದಿಯನ್ನು ಕೆಲವೇ ಆಪ್ತರಿಗೆ ತಿಳಿಸಿ ಬಾಯಿ ಹೊಲಿದುಕೊಂಡರು. ತಿಳಿದ ಆಪ್ತರಲ್ಲಿಯೂ ಕೆಲವರು ತಮ್ಮ ಮಕ್ಕಳನ್ನು ಅವರ ಮನೆಗೆ ಕಳುಹಿಸುವುದನ್ನು ನಿಲ್ಲಿಸಿದರು. ಮಕ್ಕಳ ಜೊತೆ ಆಡುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಸೋಂಕು ಹರಡದು ಎಂದು ವಿಜ್ಞಾನ ಅದಾಗಲೇ ಹೇಳಿತ್ತು. ಆದರೆ ಭಯ ವಿಜ್ಞಾನದ ಮಾತನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ.

1987ರ ಮಾರ್ಚ್‌ನಲ್ಲಿ ಏಡ್ಸ್‌ಗೆ ಮೊದಲ ಔಷಧಿ ಮಾರುಕಟ್ಟೆಗೆ ಬಂತು. ಅದರ ಹೆಸರು ಎಜೆಡ್‌ಟಿ, ಅಂದರೆ ಜಿಡೊವುಡಿನ್. ಆದರೆ ಅನುಮತಿ ಇದ್ದದ್ದು ದೊಡ್ಡವರಿಗೆ ಮಾತ್ರ. ಮಕ್ಕಳಲ್ಲಿ ಔಷಧಿಯ ಪ್ರಮಾಣ ಎಷ್ಟಿರಬೇಕು, ಅಡ್ಡಪರಿಣಾಮಗಳೇನು ಎಂಬ ಪರೀಕ್ಷೆಗಳು ಇನ್ನೂ ಮುಗಿದಿರಲಿಲ್ಲ. ತಾಯಿಗೆ ಸಿಗುವ ಮದ್ದು ಮಗಳಿಗೆ ಸಿಗದು ಎಂಬ ವಿಚಿತ್ರ ಸ್ಥಿತಿ ಆ ಮನೆಯಲ್ಲಿ ಉಂಟಾಯಿತು. ಎಳೆಯ ಮಕ್ಕಳ ಶಿಕ್ಷಣವನ್ನೇ ಓದಿಕೊಂಡಿದ್ದ ಎಲಿಜಬೆತ್‌ಗೆ, ಮಕ್ಕಳೆಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ, ಅವರಿಗಾಗಿ ಬೇರೆಯೇ ಸಂಶೋಧನೆ ನಡೆಯಬೇಕು ಎಂಬುದು ಮನವರಿಕೆಯಾದದ್ದು ಈ ಕಾಲದಲ್ಲಿ.

1988ರ ಆರಂಭದ ಹೊತ್ತಿಗೆ ಏರಿಯಲ್ ನಡೆಯುವ, ಮಾತನಾಡುವ ಶಕ್ತಿಯನ್ನು ಕಳೆದುಕೊಂಡಿದ್ದಳು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಫಿಲಿಪ್ ಪಿಜ್ಜೊ ಅವರ ತಂಡ ಎಜೆಡ್‌ಟಿಯನ್ನು ಮಕ್ಕಳಿಗೆ ರಕ್ತನಾಳದ ಮೂಲಕ ನಿರಂತರವಾಗಿ ನೀಡಿ ನೋಡುತ್ತಿತ್ತು. ಮಿದುಳಿಗೆ ತಗುಲಿದ ಹಾನಿಯೂ ಇದರಿಂದ ತಗ್ಗಬಹುದೆಂಬ ಸೂಚನೆಗಳು ದೊರೆತಿದ್ದವು. ತಂದೆತಾಯಿಯ ಹಟದಿಂದ ಏರಿಯಲ್‌ಗೂ ಆ ಚಿಕಿತ್ಸೆ ದೊರೆಯಿತು. ಮಗು ಮತ್ತೆ ಮಾತನಾಡಿದಳು. ಆದರೆ ಆ ಚೇತರಿಕೆ ಹೆಚ್ಚು ಕಾಲ ನಿಲ್ಲಲಿಲ್ಲ. 1988ರ ಆಗಸ್ಟ್ 12ರಂದು, ಏಳನೆಯ ಹುಟ್ಟುಹಬ್ಬ ಕಳೆದ ಕೆಲವೇ ದಿನಗಳಲ್ಲಿ, ಏರಿಯಲ್ ಕಣ್ಮುಚ್ಚಿದಳು.

ಗೆಳತಿಯರು ಕಟ್ಟಿದ ಸಂಸ್ಥೆ

ಮಗಳು ಹೋದಳು. ಆದರೆ ಮಗ ಇದ್ದ. ಅವನ ದೇಹದಲ್ಲಿಯೂ ಅದೇ ವೈರಾಣು ಇತ್ತು. ಅಳುತ್ತ ಕೂರುವಷ್ಟು ಸಮಯ ಎಲಿಜಬೆತ್‌ಗೆ ಇರಲಿಲ್ಲ. ಅದೇ 1988ರಲ್ಲಿ ಸೂಸಿ ಝೀಗನ್ ಮತ್ತು ಸೂಸನ್ ಡಿಲಾರೆಂಟಿಸ್ ಎಂಬ ಇಬ್ಬರು ಗೆಳತಿಯರ ಜೊತೆಗೂಡಿ ಮಕ್ಕಳ ಏಡ್ಸ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಮೂವರಲ್ಲಿ ಯಾರೂ ವೈದ್ಯರಲ್ಲ, ವಿಜ್ಞಾನಿಗಳಲ್ಲ. ಮಕ್ಕಳ ಏಡ್ಸ್ ಕುರಿತ ಸಂಶೋಧನೆಗೆ ಹಣ ಒದಗಿಸುವುದು, ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ತಮ್ಮಷ್ಟಕ್ಕೆ ದುಡಿಯುತ್ತಿದ್ದ ವಿಜ್ಞಾನಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಅವರ ಗುರಿ. ಎಲ್ಲ ಸೋಂಕಿತ ತಾಯಂದಿರ ಮಕ್ಕಳಿಗೂ ವೈರಾಣು ತಗುಲುವುದಿಲ್ಲವಲ್ಲ, ಹಾಗಾದರೆ ತಗುಲಿದ ಮಕ್ಕಳಿಗೂ ತಗುಲದ ಮಕ್ಕಳಿಗೂ ಇರುವ ವ್ಯತ್ಯಾಸವೇನು ಎಂಬ ಪ್ರಶ್ನೆ ಪ್ರತಿಷ್ಠಾನದ ಕೆಲಸದ ನಡುವೆ ನಿಂತಿತು. ಈ ಪ್ರಶ್ನೆಯ ಬೆನ್ನು ಹತ್ತಲು ಕೈಗೊಂಡ ಸಂಶೋಧನಾ ಯೋಜನೆಗೆ ಏರಿಯಲ್ ಹೆಸರನ್ನೇ ಇಡಲಾಯಿತು.

ಹಣವಷ್ಟೇ ಸಾಲದು, ಅಧಿಕಾರದಲ್ಲಿರುವವರ ಗಮನವೂ ಬೇಕು ಎಂಬುದನ್ನು ಎಲಿಜಬೆತ್ ಬೇಗನೆ ಅರಿತರು. ಚಿತ್ರರಂಗದ ಪರಿಚಯಗಳನ್ನು ಬಳಸಿಕೊಂಡು 1988ರಲ್ಲಿಯೇ ಶ್ವೇತಭವನದ ಒಳಗೆ ಹೋಗಿ ಅಧ್ಯಕ್ಷ ರೊನಾಲ್ಡ್ ರೇಗನ್ ಮತ್ತು ನ್ಯಾನ್ಸಿ ರೇಗನ್ ಅವರನ್ನು ಕಂಡು ತಮ್ಮ ಕಥೆಯನ್ನು ಹೇಳಿದ್ದರು. ಏಡ್ಸ್ ವಿಷಯದಲ್ಲಿ ಬಹುಕಾಲ ಮೌನವಾಗಿದ್ದವರೆಂಬ ಟೀಕೆಗೆ ಗುರಿಯಾಗಿದ್ದವರು ರೇಗನ್. ಭೇಟಿಯಿಂದ ಆಕೆ ನಿರೀಕ್ಷಿಸಿದ ತೀರ್ಮಾನಗಳು ಹೊರಬರಲಿಲ್ಲ. ಆದರೆ ಅಧಿಕಾರದಿಂದ ಇಳಿದ ಮೇಲೆ, 1990ರಲ್ಲಿ, ರೇಗನ್ ಈ ಪ್ರತಿಷ್ಠಾನಕ್ಕಾಗಿಯೇ ದೂರದರ್ಶನದ ಜಾಗೃತಿ ಪ್ರಕಟಣೆಯೊಂದರಲ್ಲಿ ಕಾಣಿಸಿಕೊಂಡರು.

ಅಲ್ಲಿಯವರೆಗೂ ಸಾರ್ವಜನಿಕರಿಗೆ ಈ ಕುಟುಂಬದ ಸಂಕಟ ತಿಳಿದಿರಲಿಲ್ಲ. 1989ರಲ್ಲಿ ರೋಚಕ ಸುದ್ದಿಗಳ ಪತ್ರಿಕೆಯೊಂದು ಗುಟ್ಟನ್ನು ಹೊರಹಾಕಲು ಹೊರಟಿರುವುದು ಗೊತ್ತಾಯಿತು. ಬೇರೆಯವರು ಬಣ್ಣ ಬಳಿದು ಹೇಳುವ ಮೊದಲು ತಾವೇ ಹೇಳುವುದು ಲೇಸೆಂದು ದಂಪತಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಗೆ ಎಲ್ಲವನ್ನೂ ತಿಳಿಸಿದರು. ಗುಟ್ಟು ಕಳಚಿ ಬಿದ್ದದ್ದೇ ಎಲಿಜಬೆತ್‌ಗೆ ಬಲವಾಯಿತು. ಅಮೆರಿಕದ ಸಂಸತ್ತಿನ ಸಮಿತಿಗಳ ಮುಂದೆ ಸಾಕ್ಷ್ಯ ನುಡಿದರು. ಮಕ್ಕಳಿಗಾಗಿ ಔಷಧಿ ಪ್ರಯೋಗಗಳನ್ನು ಚುರುಕುಗೊಳಿಸಲು ಒತ್ತಾಯಿಸಿದರು. 1990ರ ಮೇ ತಿಂಗಳಿನಲ್ಲಿ ಎಜೆಡ್‌ಟಿಯನ್ನು ಮಕ್ಕಳಿಗೆ ನೀಡಲು ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ ಅನುಮತಿ ಕೊಟ್ಟಿತು. ದೊಡ್ಡವರಿಗೆ ಅನುಮತಿ ದೊರೆತು ಅದಾಗಲೇ ಮೂರು ವರ್ಷ ಕಳೆದಿದ್ದವು. ಏರಿಯಲ್ ತೀರಿಕೊಂಡದ್ದು ಆ ಮೂರು ವರ್ಷಗಳ ಅಂತರದಲ್ಲಿ.

1991ರಲ್ಲಿ ಲಾರಾ ಪಾಮರ್ ಅವರೊಡಗೂಡಿ ಬರೆದ ಆತ್ಮಕಥನ ಪ್ರಕಟವಾಯಿತು. 1992ರ ಜುಲೈ 14ರಂದು ನ್ಯೂಯಾರ್ಕ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶದ ವೇದಿಕೆ ಏರಿ, ಏಡ್ಸ್ ಯಾವುದೇ ಒಂದು ವರ್ಗದ ಕಾಯಿಲೆಯಲ್ಲ ಎಂಬುದನ್ನು ತಮ್ಮ ಮನೆಯ ಕಥೆಯಿಂದಲೇ ದೇಶಕ್ಕೆ ತೋರಿಸಿಕೊಟ್ಟರು. ಮರುತಿಂಗಳು ಹ್ಯೂಸ್ಟನ್‌ನಲ್ಲಿ ನಡೆದ ರಿಪಬ್ಲಿಕನ್ ಸಮಾವೇಶದಲ್ಲಿಯೂ ಮೇರಿ ಫಿಶರ್ ಎಂಬ ಮತ್ತೊಬ್ಬ ಸೋಂಕಿತ ತಾಯಿ ಮಾತನಾಡಿದರು. ಪಕ್ಷಗಳು ಬೇರೆಯಾಗಿದ್ದರೂ ತಾಯಂದಿರ ಸಂಕಟ ಒಂದೇ ಆಗಿತ್ತು.

ಫಲಿತಾಂಶ ಬಂದ ವರ್ಷ

ಇತ್ತ ಸರ್ಕಾರಿ ಸಂಶೋಧನಾ ಸಂಸ್ಥೆಗಳಲ್ಲಿ ಒಂದು ಮುಖ್ಯ ಪ್ರಯೋಗ ನಡೆದಿತ್ತು. ಅಮೆರಿಕ ಮತ್ತು ಫ್ರಾನ್ಸ್‌ನ ಆಸ್ಪತ್ರೆಗಳು ಕೈಗೊಂಡ ಈ ಅಧ್ಯಯನದ ಸಂಖ್ಯೆ 076. ಇದನ್ನು ನಡೆಸಿದ್ದು ಎಲಿಜಬೆತ್ ಅವರ ಪ್ರತಿಷ್ಠಾನವಲ್ಲ. ಆದರೆ ಆಕೆ ದೇಶದ ಮುಂದಿಟ್ಟ ಪ್ರಶ್ನೆಗೇ ಅದು ಉತ್ತರ ಹುಡುಕುತ್ತಿತ್ತು. ತಾಯಿಗೆ ಮದ್ದು ಕೊಟ್ಟರೆ ಮಗು ಉಳಿದೀತೇ?

ಸೋಂಕಿತರಾದ 477 ಗರ್ಭಿಣಿಯರು ಇದರಲ್ಲಿ ಸೇರಿದರು. ಅರ್ಧದಷ್ಟು ಮಂದಿಗೆ ಎಜೆಡ್‌ಟಿ, ಉಳಿದವರಿಗೆ ಔಷಧಿಯ ಅಂಶವಿಲ್ಲದ ತೋರಿಕೆಯ ಮಾತ್ರೆ. ಗರ್ಭ ಧರಿಸಿ ಹದಿನಾಲ್ಕು ವಾರ ಕಳೆದ ಮೇಲೆ ಮಾತ್ರೆ ಆರಂಭ, ಹೆರಿಗೆ ನೋವಿನ ಹೊತ್ತಿನಲ್ಲಿ ರಕ್ತನಾಳದ ಮೂಲಕ ಔಷಧಿ, ಹುಟ್ಟಿದ ಮಗುವಿಗೆ ಆರು ವಾರ ಸಿರಪ್. ಮಕ್ಕಳಿಗೆ ಎದೆಹಾಲು ನೀಡಲಿಲ್ಲ. 1994ರ ಫೆಬ್ರವರಿಯಲ್ಲಿ ಮಧ್ಯಂತರ ಲೆಕ್ಕ ಹಾಕಿದಾಗ ವ್ಯತ್ಯಾಸ ಎಷ್ಟು ಎದ್ದುಕಂಡಿತೆಂದರೆ, ಇನ್ನು ಮುಂದೆ ಯಾವ ತಾಯಿಗೂ ತೋರಿಕೆಯ ಮಾತ್ರೆ ಕೊಡುವುದು ನ್ಯಾಯವಲ್ಲವೆಂದು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಲಾಯಿತು. ತೋರಿಕೆಯ ಮಾತ್ರೆ ಪಡೆದ ಗುಂಪಿನಲ್ಲಿ ಶೇ 25.5ರಷ್ಟು ಮಕ್ಕಳಿಗೆ ಸೋಂಕು ತಗುಲಿದ್ದರೆ, ಔಷಧಿ ಪಡೆದ ಗುಂಪಿನಲ್ಲಿ ಅದು ಶೇ 8.3ಕ್ಕೆ ಇಳಿದಿತ್ತು. ಅಂದರೆ ಮೂರರಲ್ಲಿ ಎರಡು ಪಾಲು ಅಪಾಯ ಕಡಿಮೆಯಾಗಿತ್ತು. ಏಡ್ಸ್ ಪಿಡುಗು ಆರಂಭವಾದ ಮೇಲೆ ಸೋಂಕನ್ನು ಔಷಧಿಯಿಂದ ತಡೆಯಬಹುದು ಎಂದು ಸಾಬೀತಾದದ್ದು ಅದೇ ಮೊದಲು.

ಅದೇ ವರ್ಷದ ಆಗಸ್ಟ್‌ನಲ್ಲಿ ಈ ಚಿಕಿತ್ಸೆಯನ್ನು ಅಮೆರಿಕ ಸರ್ಕಾರ ಎಲ್ಲ ಸೋಂಕಿತ ಗರ್ಭಿಣಿಯರಿಗೂ ಶಿಫಾರಸು ಮಾಡಿತು. ನವೆಂಬರ್‌ನಲ್ಲಿ ಪ್ರಯೋಗದ ವಿವರ ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಮರುತಿಂಗಳು, 1994ರ ಡಿಸೆಂಬರ್ 3ರಂದು, ಎಲಿಜಬೆತ್ ಗ್ಲೇಸರ್ ಸಾಂಟಾ ಮೋನಿಕಾದ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಅವರಿಗಾಗ 47 ವರ್ಷ. ಮಗ ಜೇಕ್‌ಗೆ ಹತ್ತು. ಪ್ರತಿಷ್ಠಾನವು ಮುಂದೆ ಆಕೆಯ ಹೆಸರನ್ನೇ ಧರಿಸಿತು.

ಮಗುವಿನೊಂದಿಗೆ ತಾಯಿಯೂ

ಎರಡು ವರ್ಷ ಬದುಕಿದ್ದರೆ ಬಹುಶಃ ಎಲಿಜಬೆತ್ ಕೂಡ ಉಳಿಯುತ್ತಿದ್ದರು. ಮೂರು ಔಷಧಿಗಳನ್ನು ಒಟ್ಟಿಗೆ ನೀಡುವ ಎಆರ್‌ಟಿ ಚಿಕಿತ್ಸೆ 1996ರಲ್ಲಿ ಬಂತು. ಸಾವಿನ ಅಂಚಿನಲ್ಲಿದ್ದವರೂ ಎದ್ದು ಕೆಲಸಕ್ಕೆ ಮರಳಿದರು. ಮೂವರಲ್ಲಿ ಬದುಕುಳಿದ ಜೇಕ್ ಬೆಳೆದು ದೊಡ್ಡವನಾಗಿ, ತಾಯಿ ಕಟ್ಟಿದ ಪ್ರತಿಷ್ಠಾನದ ಪರವಾಗಿ ಊರೂರುಗಳಲ್ಲಿ ಮಾತನಾಡುವವನಾದ.

ಆದರೆ ಬಡ ದೇಶಗಳ ಪಾಲಿಗೆ 076ರ ವಿಧಾನ ದುಬಾರಿಯೂ ಜಟಿಲವೂ ಆಗಿತ್ತು. 1999ರಲ್ಲಿ ಉಗಾಂಡಾದಿಂದ ಬಂದ ಸುದ್ದಿ ದಾರಿ ತೋರಿತು. ಹೆರಿಗೆ ನೋವು ಆರಂಭವಾದಾಗ ತಾಯಿಗೆ ನೆವಿರಾಪಿನ್‌ನ ಒಂದೇ ಮಾತ್ರೆ, ಹುಟ್ಟಿದ ಮೂರು ದಿನದೊಳಗೆ ಮಗುವಿಗೆ ಒಂದೇ ಗುಟುಕು. ಇಷ್ಟರಿಂದಲೇ, ಹೆರಿಗೆಯ ಹೊತ್ತಿನಲ್ಲಿ ಅಲ್ಪಾವಧಿಗೆ ಎಜೆಡ್‌ಟಿ ಪಡೆದವರಿಗೆ ಹೋಲಿಸಿದರೆ, ಮಗುವಿಗೆ ಸೋಂಕು ತಗಲುವ ಅಪಾಯ ಅರ್ಧದಷ್ಟು ಇಳಿಯಿತು. ಪ್ರತಿಷ್ಠಾನವೂ ಅಮೆರಿಕದ ಗಡಿ ದಾಟಿ ಆಫ್ರಿಕಾದ ಹೆರಿಗೆ ಆಸ್ಪತ್ರೆಗಳಿಗೆ ತನ್ನ ಕೆಲಸವನ್ನು ವಿಸ್ತರಿಸಿತು.

ಇಲ್ಲೊಂದು ಕೊರತೆಯಿತ್ತು. ಒಂದು ಮಾತ್ರೆ ಮಗುವನ್ನು ಕಾಯುತ್ತಿತ್ತು, ತಾಯಿಯನ್ನಲ್ಲ. ಮಗು ಸೋಂಕಿಲ್ಲದೆ ಹುಟ್ಟಿ, ಕೆಲವೇ ವರ್ಷಗಳಲ್ಲಿ ತಬ್ಬಲಿಯಾಗುತ್ತಿತ್ತು. ಎಲಿಜಬೆತ್ ತೀರಿಕೊಂಡಾಗ ಜೇಕ್‌ಗೆ ಒದಗಿದ ಸ್ಥಿತಿಯೇ ಇವರದೂ. ಮಗುವನ್ನು ಉಳಿಸುವುದೆಂದರೆ ಮೊದಲು ತಾಯಿಯನ್ನು ಉಳಿಸುವುದು ಎಂಬ ತಿಳಿವಳಿಕೆ ನೀತಿಯಾಗಿ ಮಾರ್ಪಡಲು ಇನ್ನೂ ಕಾಲ ಬೇಕಾಯಿತು. 2011ರಲ್ಲಿ ಆಫ್ರಿಕಾದ ಪುಟ್ಟ ದೇಶ ಮಲಾವಿ, ಸೋಂಕಿತರಾದ ಪ್ರತಿಯೊಬ್ಬ ಗರ್ಭಿಣಿಗೂ ಜೀವನಪರ್ಯಂತ ಎಆರ್‌ಟಿ ನೀಡಲು ಮುಂದಾಯಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಇದರತ್ತ ಹೊರಳಿತು. 2015ರಲ್ಲಿ ಸೋಂಕು ಇರುವ ಎಲ್ಲರಿಗೂ, ರೋಗದ ಹಂತ ಯಾವುದೇ ಇರಲಿ, ತಕ್ಷಣ ಚಿಕಿತ್ಸೆ ಎಂಬ ಸೂತ್ರ ಬಂತು.

ಈಗಿನ ಲೆಕ್ಕ ಸ್ಪಷ್ಟ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ, ಎದೆಹಾಲೂ ಸೇರಿ, ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿ ಗರ್ಭಿಣಿಯಾಗುವ ಮೊದಲಿನಿಂದಲೇ ಮಾತ್ರೆ ತಪ್ಪಿಸದೆ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿದ್ದರೆ, ಹೆರಿಗೆಯವರೆಗಿನ ಅಪಾಯ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಂತಹ ತಾಯಿಗೆ ಸೋಂಕಿನ ಕಾರಣಕ್ಕಾಗಿಯೇ ಸಿಸೇರಿಯನ್ ಮಾಡಬೇಕಾಗಿಲ್ಲ, ಸಹಜ ಹೆರಿಗೆ ಆಗಬಹುದು. ಹುಟ್ಟಿದ ಮಗುವಿಗೆ ವೈದ್ಯರು ಹೇಳಿದಷ್ಟು ವಾರ ಸಿರಪ್ ಹಾಕಬೇಕು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಹದಿನೆಂಟು ತಿಂಗಳವರೆಗೂ ಉಳಿಯಬಹುದು. ಆದ್ದರಿಂದ ಸಾಮಾನ್ಯ ಪರೀಕ್ಷೆ ಸಾಲದು. ಆರನೆಯ ವಾರದಲ್ಲಿ ವೈರಾಣುವನ್ನೇ ಹುಡುಕುವ ಪರೀಕ್ಷೆ ನಡೆಯಬೇಕು.

ಏರಿಯಲ್‌ಗೆ ಸೋಂಕು ತಂದ ಎದೆಹಾಲಿನ ವಿಷಯದಲ್ಲಿಯೂ ತಿಳಿವಳಿಕೆ ಬದಲಾಗಿದೆ. ಶುದ್ಧ ನೀರಿಲ್ಲದ ಕಡೆ ಡಬ್ಬಿ ಹಾಲು ಕುಡಿದ ಮಕ್ಕಳು ಭೇದಿಯಿಂದ, ನ್ಯುಮೋನಿಯಾದಿಂದ ಸಾಯುವುದು ಕಂಡುಬಂತು. ಕೇವಲ ಎದೆಹಾಲು ಕುಡಿದ ಮಕ್ಕಳಿಗಿಂತ, ಎದೆಹಾಲಿನ ಜೊತೆ ಬೇರೆ ಆಹಾರವನ್ನೂ ತೆಗೆದುಕೊಂಡ ಮಕ್ಕಳಿಗೆ ಸೋಂಕಿನ ಅಪಾಯ ಹೆಚ್ಚು ಎಂಬುದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದ ಅಧ್ಯಯನದಿಂದ ತಿಳಿಯಿತು. ತಾಯಿ ಎಆರ್‌ಟಿಯಲ್ಲಿದ್ದರೆ ಹಾಲುಣಿಸಬಹುದು ಎಂದು 2010ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಅಪಾಯ ಪೂರ್ತಿ ಶೂನ್ಯವಲ್ಲ, ಆದರೆ ಬಹಳ ಕಡಿಮೆ.

ಪಾಲ್ ಗ್ಲೇಸರ್ ಅವರಂತೆ, ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕು ಇರುವುದು ಅಪರೂಪವಲ್ಲ. ಅಂಥವರು ಮಕ್ಕಳ ಆಸೆಯನ್ನೇ ತೊರೆಯಬೇಕೆಂಬ ಸಲಹೆ ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಇಟಲಿಯ ಮಿಲಾನ್‌ನಲ್ಲಿ ಡಾ. ಆಗುಸ್ಟೊ ಸೆಂಪ್ರಿನಿ ಎಂಬ ವೈದ್ಯರು, ಸೋಂಕಿತ ಪುರುಷನ ವೀರ್ಯದಿಂದ ವೀರ್ಯಾಣುಗಳನ್ನು ಬೇರ್ಪಡಿಸಿ ತೊಳೆದು, ಸೋಂಕಿಲ್ಲದ ಪತ್ನಿಯ ಗರ್ಭಕ್ಕೆ ಸೇರಿಸುವ ವಿಧಾನದ ಫಲಿತಾಂಶವನ್ನು 1992ರಲ್ಲಿ ಪ್ರಕಟಿಸಿದರು. ಖರ್ಚಿನ ದಾರಿ ಅದು. 2011ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಅಧ್ಯಯನವೊಂದು ಚಿತ್ರವನ್ನೇ ಬದಲಿಸಿತು. ಚೆನ್ನೈ ಮತ್ತು ಪುಣೆಯ ದಂಪತಿಗಳೂ ಭಾಗವಹಿಸಿದ್ದ ಆ ಅಧ್ಯಯನದಲ್ಲಿ, ಸೋಂಕಿತ ಸಂಗಾತಿ ಬೇಗನೆ ಎಆರ್‌ಟಿ ಆರಂಭಿಸಿದರೆ ಇನ್ನೊಬ್ಬರಿಗೆ ಸೋಂಕು ಹರಡುವುದು ಶೇ 96ರಷ್ಟು ತಗ್ಗಿತ್ತು. ವೈರಾಣು ಪರೀಕ್ಷೆಗೆ ಸಿಗದ ಮಟ್ಟದಲ್ಲಿಯೇ ಉಳಿದರೆ ದೈಹಿಕ ಸಂಪರ್ಕದಿಂದ ಸೋಂಕು ಹರಡದು ಎಂಬುದನ್ನು ನಂತರದ ಅಧ್ಯಯನಗಳು ದೃಢಪಡಿಸಿದವು. ಹೀಗಾಗಿ ವೈದ್ಯರ ಸಲಹೆಯೊಡನೆ, ಸರಿಯಾದ ಸಮಯ ನೋಡಿ, ಸಹಜವಾಗಿಯೇ ಮಗು ಪಡೆಯುವ ಹಾದಿ ಇಂದು ತೆರೆದಿದೆ. ಸೋಂಕಿಲ್ಲದ ಸಂಗಾತಿ ಮುನ್ನೆಚ್ಚರಿಕೆಯ ಮಾತ್ರೆ ಸೇವಿಸುವುದೂ ಸಾಧ್ಯ.

ನಮ್ಮ ನೆಲದಲ್ಲಿ

ಗ್ಲೇಸರ್ ಕುಟುಂಬಕ್ಕೆ ಸಿಡಿಲೆರಗಿದ 1986ರಲ್ಲಿಯೇ ಭಾರತದಲ್ಲಿಯೂ ಮೊದಲ ಬಾರಿ ಎಚ್‌ಐವಿ ಪತ್ತೆಯಾಯಿತು. ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನು ಗುರುತಿಸಿದರು. ಎಲಿಜಬೆತ್ ಅವರಿಗೆ ಬಂದ ಹಾದಿಯಲ್ಲೇ ಇಲ್ಲಿಯೂ ಅನೇಕರಿಗೆ ರಕ್ತದಿಂದ ಸೋಂಕು ಬಂತು. ಹಣಕ್ಕಾಗಿ ರಕ್ತ ಮಾರುವ ಪದ್ಧತಿಗೆ ಸುಪ್ರೀಂ ಕೋರ್ಟ್‌ನ 1996ರ ತೀರ್ಪು ಕಡಿವಾಣ ಹಾಕಿತು. 1998ರ ಜನವರಿಯಿಂದ ಅದು ನಿಷೇಧವಾಯಿತು.

ಆ ಕಾಲದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2004ರ ಏಪ್ರಿಲ್‌ನಲ್ಲಿ ಸರ್ಕಾರದ ಉಚಿತ ಎಆರ್‌ಟಿ ಆರಂಭವಾದದ್ದೂ ಈ ಆರು ರಾಜ್ಯಗಳಿಂದಲೇ. ಗರ್ಭಿಣಿಯರಿಗೆ ಮೊದಲ ವರ್ಷಗಳಲ್ಲಿ ಸಿಗುತ್ತಿದ್ದುದು ನೆವಿರಾಪಿನ್‌ನ ಒಂದೇ ಮಾತ್ರೆ. 2014ರಿಂದ ದೇಶದೆಲ್ಲೆಡೆ ಸೋಂಕಿತ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಜೀವನಪರ್ಯಂತ ಉಚಿತ ಚಿಕಿತ್ಸೆ ನೀಡುವ ನೀತಿ ಬಂತು. ಸೋಂಕಿನ ಕಾರಣಕ್ಕೆ ಚಿಕಿತ್ಸೆ, ಶಿಕ್ಷಣ ಅಥವಾ ಉದ್ಯೋಗ ನಿರಾಕರಿಸುವುದನ್ನು ನಿಷೇಧಿಸುವ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಯಾಯಿತು. ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವುದಕ್ಕೂ ಈ ಕಾಯ್ದೆಯಡಿ ನಿಷೇಧವಿದೆ. ಗ್ಲೇಸರ್ ದಂಪತಿ ಪತ್ರಿಕೆಯೊಂದರ ಭಯದಿಂದ ಗುಟ್ಟು ಬಿಡಬೇಕಾಗಿ ಬಂದದ್ದನ್ನು ನೆನೆದರೆ, ಈ ರಕ್ಷಣೆಯ ಬೆಲೆ ತಿಳಿಯುತ್ತದೆ.

2015ರಲ್ಲಿ ಕ್ಯೂಬಾ, ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವುದನ್ನು ತೊಡೆದುಹಾಕಿದ ಮೊದಲ ದೇಶವೆಂಬ ಮನ್ನಣೆ ಪಡೆಯಿತು. 2016ರಲ್ಲಿ ಥಾಯ್ಲೆಂಡ್, 2019ರಲ್ಲಿ ನೆರೆಯ ಶ್ರೀಲಂಕಾ ಮತ್ತು ಮಾಲ್ಡೀವ್ಸ್ ಅದೇ ಸಾಲಿಗೆ ಸೇರಿದವು. ಆದರೂ ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಮಕ್ಕಳಿಗೆ ಹೊಸದಾಗಿ ಸೋಂಕು ತಗುಲಿತು. ಏರಿಯಲ್ ಕಾಲದಲ್ಲಿ ಮದ್ದು ಇರಲಿಲ್ಲ. ಈ ಮಕ್ಕಳ ಕಾಲದಲ್ಲಿ ಮದ್ದು ಇದೆ, ಅದೂ ದಿನಕ್ಕೊಂದು ಮಾತ್ರೆ. ಕೊರತೆ ಇರುವುದು ಬೇರೆಡೆ: ಗರ್ಭಿಣಿಯಾದ ಕೂಡಲೇ ಪರೀಕ್ಷೆ ನಡೆಯದಿರುವಲ್ಲಿ, ಮನೆಯವರು ತಿಳಿದಾರೆಂಬ ಭಯದಿಂದ ತಾಯಿ ಮಾತ್ರೆಯನ್ನು ನಿಲ್ಲಿಸಿಬಿಡುವಲ್ಲಿ, ಹಾಲುಣಿಸುವ ತಿಂಗಳುಗಳಲ್ಲಿ ಆಕೆ ಆಸ್ಪತ್ರೆಯ ಸಂಪರ್ಕ ಕಳೆದುಕೊಳ್ಳುವಲ್ಲಿ. ಎಲಿಜಬೆತ್ ಗ್ಲೇಸರ್ ಹಚ್ಚಿದ ಹೋರಾಟದಲ್ಲಿ ವಿಜ್ಞಾನದ ಪಾಲು ಬಹುಮಟ್ಟಿಗೆ ಮುಗಿದಿದೆ. ಉಳಿದದ್ದು ಪರೀಕ್ಷೆಗೆ ಬರುವ ತಾಯಿಯನ್ನು ಮನೆಯವರೂ ಆಸ್ಪತ್ರೆಯವರೂ ಹೇಗೆ ಕಾಣುತ್ತಾರೆ ಎಂಬುದು.